ಚಾಲುಕ್ಯರ ಕಾಲದ ಊಟ ಬಡಿಸಲು ಆಗಿನ ಚೀಸ್‌ಗಳ ಪಟ್ಟಿ ಮಾಡುತ್ತಿದ್ದೇನೆ. ಈಗಿನ ಯಾವ ಚೀಸ್ ಯಾವುದಕ್ಕೆ ಸಮ?

ನಿಮ್ಮ ಪ್ರಶ್ನೆಯ ಆ ‘ಸಮ’ ಅನ್ನೋದನ್ನು ಮೊದಲು ಹೊಡೆದು ಹಾಕಿ. ನನ್ನ 7 ಕಿಲೋ ಪನೀರ್ ಹಾಳಾಗಿದ್ದು ಅದರಿಂದಲೇ.

ನಮ್ಮದು ಸೋಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿ. ಶಾಲೆಯ ಹಳೇ ಹುಡುಗರು ಸೇರಿ ಕಲ್ಯಾಣದ ಚಾಲುಕ್ಯರ ಕಾಲದ ಊಟ ಅಂತ ಪಂಕ್ತಿ ಇಟ್ಟೆವು, 120 ಎಲೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಒಳಗೆ ಬರಕೂಡದು ಅಂತ ಎಲ್ಲರೂ ಕಾವಲು ಕಾದರು. ಹಾಲಿನ ಪದಾರ್ಥಗಳ ಪಟ್ಟಿ ನನ್ನ ಪಾಲಿಗೆ ಬಂತು.

ಅದೇ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಹಿಡಿದು ಕೂತೆ. 1130ರ ಸುಮಾರಿನ ಸಂಸ್ಕೃತ ಗ್ರಂಥ. ಬರೋಡಾದ ಗಾಯಕವಾಡ ಗ್ರಂಥಮಾಲೆಯವರು ಮೂರು ಸಂಪುಟ ಅಚ್ಚು ಹಾಕಿದ್ದಾರೆ. ಅದರ ಅನ್ನಭೋಗ ಅನ್ನೋ ಊಟದ ಭಾಗದಲ್ಲಿ ಕ್ಷೀರಪ್ರಕಾರ ಅಂತ ಒಂದು ಸಿಹಿ ಇದೆ. ಕಾದ ಹಾಲಿಗೆ ಹುಳಿ ಹಾಕಿ ಒಡೆಸಿ, ಆ ಗಟ್ಟಿಗೆ ಅಕ್ಕಿಹಿಟ್ಟು ಬೆರೆಸಿ, ಉಂಡೆ ಕಟ್ಟಿ, ಕರಿದು ಸಕ್ಕರೆಗೆ ಹಾಕೋದು.

ವಹಿಯಲ್ಲಿ ಐದು ಕಾಲಂ ಎಳೆದೆ. ಹಳೇ ಹೆಸರು, ಗ್ರಂಥ, ಯಾವ ಹಾಲು, ಯಾವುದರಿಂದ ಒಡೆಸೋದು, ಈಗಿನ ಹೆಸರು. ನೋಡಿ, ಈ ಐದನೆಯದು ಯಾರೂ ಕೇಳಿರಲಿಲ್ಲ. ಪಟ್ಟಿ ಚೆಂದ ಕಾಣಲಿ ಅಂತ ನಾನೇ ಸುಮ್ನೆ ಎಳೆದದ್ದು. ಕ್ಷೀರಪ್ರಕಾರದ ಮುಂದೆ ‘ಪನೀರ್’ ಅಂತ ಬರೆದೆ. ಹಾಲು ಒಡೆಸಿದ್ದೆಲ್ಲ ಪನೀರೇ ಅಲ್ವಾ ಅನ್ನೋ ಧೈರ್ಯ. ನಮ್ಮ ಅಡುಗೆಯ ಆಚಾರಿ ಮಾಮಾ ಪುಣ್ಯಾತ್ಮ, ಮೊದಲ ನಾಲ್ಕು ಕಾಲಂ ಕಡೆ ಕಣ್ಣೂ ಹಾಯಿಸಲಿಲ್ಲ. ಅವರಿಗೆ ಅರ್ಥವಾಗೋದು ಐದನೆಯದೊಂದೇ. ಡೇರಿಯಿಂದ 7 ಕಿಲೋ ಪನೀರ್ ತಂದು, ತುರಿದು, ಅಕ್ಕಿಹಿಟ್ಟು ಕಲಸಿಬಿಟ್ಟರು.

ಅಂಗಡಿ ಪನೀರ್ ಭಾರ ಹೇರಿ ನೀರೆಲ್ಲ ಹಿಂಡಿದ್ದು, ಮೇಲೆ ಫ್ರಿಜ್‌ನಲ್ಲಿ ಕೂತಿದ್ದು. ಎಷ್ಟು ನಾದಿದರೂ ರವೆ ರವೆ. ಉಂಡೆ ತುಪ್ಪಕ್ಕೆ ಬಿದ್ದ ಕೂಡಲೇ ಬಿರಿದು ಚೂರಾಯಿತು. ಹಿಡಿಯಲಿ ಅಂತ ಮೈದಾ ಸೇರಿಸಿದರು. ಆಮೇಲೆ ಬಿರಿಯಲಿಲ್ಲ, ಆದರೆ ಪಾಕ ಒಳಗೆ ಇಳಿಯಲಿಲ್ಲ. ಗೋಲಿ ಆಡಬಹುದಿತ್ತು. ಬೈಯೋಣ ಅಂದರೆ ಅಕ್ಷರ ನನ್ನದೇ. 12ನೇ ಶತಮಾನದ ಊಟಕ್ಕೆ ಮೈದಾ ಬಂದದ್ದು ಮೆಣಸಿನಕಾಯಿ ಕಾವಲುಗಾರರಿಗೆ ಗೊತ್ತೇ ಆಗಲಿಲ್ಲ, ಅದು ಬೇರೆ ಮಾತು.

ಕೊನೆಗೆ ಊರೊಳಗೆ ಅಲೆದು 20 ಲೀಟರ್ ಆಕಳ ಹಾಲು ತಂದೆವು. ಕುದಿ ಬಂದ ಮೇಲೆ ಕೆಳಗಿಳಿಸಿ, ಹುಳಿ ಮಜ್ಜಿಗೆಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟೆವು. ನೀರು ತಿಳಿಹಸಿರಾದಾಗ ಕೈ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿ, ತೊಳೆದು ಅರ್ಧ ಗಂಟೆ ತೂಗುಹಾಕಿದೆವು. 3 ಕಿಲೋದಷ್ಟು ಸಿಕ್ಕಿತು. ಬೆಚ್ಚಗಿರುವಾಗಲೇ ನಾದಿದರೆ ಬೆಣ್ಣೆ ಹಾಗೆ ಕೂಡಿಕೊಂಡಿತು. ಎಲೆಗೆ ಒಂದೊಂದೇ ಉಂಡೆ ಬಿತ್ತು, ಇರಲಿ.

ಅದಕ್ಕೇ ಹೇಳ್ತೀನಿ, ಚೀಸ್ ಅನ್ನೋ ತಲೆಬರಹವೇ ಬೇಡ. ಆ ಪದ ಬರೆದರೆ ತಿಂಗಳುಗಟ್ಟಲೆ ಮಾಗಿಸಿದ್ದು ಕಣ್ಣ ಮುಂದೆ ಬರುತ್ತದೆ. ನೀವು ಹುಡುಕುತ್ತಿರೋದು ಅವತ್ತೇ ಒಡೆಸಿ ಅವತ್ತೇ ಸಿಹಿ ಮಾಡೋ ಪದಾರ್ಥ. ಹೆಸರಿನ ಪ್ರಕಾರ ಜೋಡಿಸಬೇಡಿ. ಹಾಲು ಯಾವುದರಿಂದ ಗಟ್ಟಿಯಾಯಿತು ಅನ್ನೋದರ ಪ್ರಕಾರ ಜೋಡಿಸಿ. ಹುಳಿಯಿಂದ ಒಡೆದದ್ದು ಒಂದು ಕಡೆ. ಹೆಪ್ಪು ಹಾಕಿದ ಮೊಸರನ್ನು ಸೋಸಿದ್ದು, ನಮ್ಮ ಕಡೆ ಚಕ್ಕಾ ಅನ್ನೋದು, ಇನ್ನೊಂದು ಕಡೆ. ಕರು ಹಾಕಿದ ಎಮ್ಮೆಯ ಗಿಣ್ಣಕ್ಕೆ ಹುಳಿಯೂ ಬೇಡ, ಹೆಪ್ಪೂ ಬೇಡ, ಬಿಸಿ ತಾಗಿದರೆ ಸಾಕು. ಅದು ಬೇರೆಯೇ.

ಗಿಡದಿಂದ ಗಟ್ಟಿ ಮಾಡೋದಕ್ಕೂ ಒಂದು ಪುಟ ಬಿಡಿ. ಇಮ್ಮಡಿ ಚಾವುಂಡರಾಯನ ಲೋಕೋಪಕಾರ, 1025ರ ಕನ್ನಡ ಗ್ರಂಥ, ಹರಿವೆ ಬೇರಿನಿಂದ ಹಾಲು ಗಟ್ಟಿ ಮಾಡೋದನ್ನು ಹೇಳುತ್ತದೆ. ನಾನು ಎರಡು ಸಲ ಮಾಡಿದೆ, ಎರಡು ಸಲವೂ ಹಾಲು ಹಾಲಾಗಿಯೇ ಉಳಿಯಿತು. ನೀವು ಮಾಡಿದರೆ ಬೇರು ಹಸಿಯದೋ ಒಣಗಿದ್ದೋ, ಹಾಲು ಎಷ್ಟು ಬಿಸಿ ಇತ್ತು ಅಂತ ಇಲ್ಲೇ ಬರೆಯಿರಿ. ನನ್ನ ವಹಿಯಲ್ಲಿ ಆ ಸಾಲು ಇನ್ನೂ ಖಾಲಿ ಇದೆ.