ಗೋಕರ್ಣ–ತದಡಿ ಕಡೆ ಹೊರಟವರಿಗೆ: ಗಾಡಿ ಎಲ್ಲಿ ಬಿಡಬೇಕು, ಎಲ್ಲಿಂದ ನಡೀಬೇಕು

ಅಣ್ಣಾ, ಗದಗಿನಿಂದ ಜೀಪು ತೊಗೊಂಡು ಎರಡು ದಿನ ಗೋಕರ್ಣ, ತದಡಿ ಕಡೆ ಹೋಗಬೇಕು, ಮನೆಯವರು, ಇಬ್ಬರು ಮಕ್ಕಳು ಜೊತೆಗಿದ್ದಾರೆ, ಗದ್ದಲ ಇಲ್ಲದ ಬೀಚು ನೋಡಬೇಕು, ಉಸುಕಿನ ಮೇಲೆ ಗಾಡಿ ಇಳಿಸಬಹುದಾ ಅಂತ ಕೇಳಿದ್ದೀರಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇಳಿಸಬೇಡಿ. ಫೋರ್ ವೀಲ್ ಡ್ರೈವ್ ಇದ್ದರೂ ಬೇಡ.

ಆರು ವರ್ಷದ ಹಿಂದೆ ಕುಮಟಾ ಕಡೆ ನನ್ನ ಗಾಡಿ ಹೂತು ಹೋಗಿತ್ತು. ನೆಲ ನಮ್ಮ ಕಣದ ಹಾಗೆ ಗಟ್ಟಿ ಕಾಣುತ್ತಿತ್ತು. ಮೇಲಿನ ಪದರ ಅಷ್ಟೇ ಗಟ್ಟಿ. ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಕುಣಿ ತೋಡಿಕೊಂಡು ಇಳಿಯಿತು. ಅಷ್ಟೊತ್ತಿಗೆ ನೀರು ಏರತೊಡಗಿತ್ತು. ನೊರೆ ಬಂದು ಮುಂದಿನ ಗಾಲಿ ಮುಟ್ಟಿ ಹಿಂದಕ್ಕೆ ಸರಿದಾಗ, ಗಾಲಿ ಕೆಳಗಿನ ಉಸುಕೂ ಅದರ ಜೊತೆ ಜಾರಿ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಮೀನುಗಾರರು ಓಡಿ ಬಂದರು. ಟೈರಿನ ಗಾಳಿ ಅರ್ಧ ಇಳಿಸಿದರು, ಗಾಲಿ ಮುಂದೆ ತೆಂಗಿನ ಗರಿ ಹಾಸಿದರು, ದೋಣಿಯ ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರು. ಆ ಜನ ಇಲ್ಲದಿದ್ದರೆ ಗಾಡಿ ಸಮುದ್ರದ ಪಾಲಾಗುತ್ತಿತ್ತು. ಇನ್ನೊಂದು ಮಾತು. ಈ ಕರಾವಳಿಯ ಉಸುಕಿನಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡುತ್ತದೆ. ಮರಿ ಹೊರಬರಲು 45ರಿಂದ 60 ದಿನ ಬೇಕು. ಮೇಲೆ ಗಾಲಿ ಹರಿದರೆ ಎಲ್ಲ ಹೋಯಿತು, ಅಲ್ವಾ?

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ಸುಮಾರು 130 ಕಿ.ಮೀ. ಘಟ್ಟದಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಯಬೇಡಿ, ಬ್ರೇಕ್ ಕಾದು ಹಿಡಿಯುವುದಿಲ್ಲ. ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಮಳೆಗಾಲದಲ್ಲಂತೂ ಈ ಪ್ರವಾಸವೇ ಬೇಡ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದಿದ್ದು ನೆನಪಿದೆಯಲ್ಲ.

ಗೋಕರ್ಣದಲ್ಲಿ ಗಾಡಿ ನಿಲ್ಲಿಸಿ. ಆಟೋ ಮಾಡಿಕೊಂಡು ತದಡಿ ಪಕ್ಕದ ಬೇಲೆಕಾನ್‌ಗೆ ಹೋಗಿ, ಅಲ್ಲಿಂದ ಗಾಡಿ ಕಡೆಗೇ ನಡೆದುಕೊಂಡು ಬನ್ನಿ. ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣ. ಹೀಗೆ ಬಂದರೆ ಕತ್ತಲಲ್ಲಿ ಆಟೋ ಹುಡುಕುವ ಗೋಜು ಇರುವುದಿಲ್ಲ. ಪ್ಯಾರಡೈಸ್ ಮತ್ತು ಹಾಫ್ ಮೂನ್‌ಗೆ ಗಾಡಿ ಹೋಗುವ ರಸ್ತೆಯೇ ಇಲ್ಲ, ಅದಕ್ಕೇ ಅಲ್ಲಿ ಇನ್ನೂ ಸಮುದ್ರದ ಸದ್ದು ಕೇಳುತ್ತದೆ. ಮಕ್ಕಳು ಸಣ್ಣವರಾದರೆ ಓಂ ಬೀಚಿನ ತನಕ ಗಾಡಿಯಲ್ಲಿ ಹೋಗಿ, ಹಾಫ್ ಮೂನ್ ನೋಡಿ ವಾಪಸ್ ಬನ್ನಿ. ಅಷ್ಟೇ ಸಾಕು.

ಈಗ ಮುಖ್ಯ ವಿಷಯ, ಭರತಿ ಮತ್ತು ಇಳಿತ. ನಮ್ಮ ಬಯಲುಸೀಮೆ ಮಂದಿಗೆ ಇದರ ಅಂದಾಜೇ ಇರುವುದಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ನಡುವೆ ಸುಮಾರು ಆರು ತಾಸು. ಮರುದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಶನಿವಾರ ಬೆಳಿಗ್ಗೆ 9ಕ್ಕೆ ಇಳಿತ ಇದ್ದರೆ ರವಿವಾರ 10ರ ಹತ್ತಿರ. ಅಮವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸಿನಲ್ಲಿ ಕಡಿಮೆ. ಮನೆಯ ಕ್ಯಾಲೆಂಡರ್ ನೋಡಿಯೇ ದಿನ ಆರಿಸಬಹುದು. ಮಕ್ಕಳಿರುವುದರಿಂದ ಅಷ್ಟಮಿ, ನವಮಿ ಹತ್ತಿರದ ದಿನವೇ ಒಳ್ಳೆಯದು. ಇಳಿತಕ್ಕೆ ಎರಡು ತಾಸು ಮೊದಲು ನಡೆಯಲು ಶುರು ಮಾಡಿ. ಬಂಡೆಗೆ ಸಣ್ಣ ಬಿಳಿ ಚಿಪ್ಪುಗಳು ಅಂಟಿದ್ದರೆ ನೀರು ಅಲ್ಲಿಯವರೆಗೆ ಬರುತ್ತದೆ ಅಂತ ಅರ್ಥ. ಅದಕ್ಕಿಂತ ಕೆಳಗೆ ಚೀಲ ಇಡಬೇಡಿ, ಮಕ್ಕಳನ್ನು ಕೂರಿಸಬೇಡಿ. ಹಸಿರು, ಕಪ್ಪು ಬಂಡೆ ಮೇಲೆ ಪಾಚಿ ಇರುತ್ತದೆ, ಚಪ್ಪಲಿ ಜಾರುತ್ತದೆ. ಹಿಡಿತ ಇರುವ ಶೂ ಹಾಕಿಸಿ.

ತಲೆಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಅಲ್ಲಿನ ಸೆಕೆಗೆ ನಮಗೆ ಬೆವರು ಸಿಕ್ಕಾಪಟ್ಟೆ, ನೀರಿಗೆ ಉಪ್ಪು, ಸಕ್ಕರೆ ಹಾಕಿಕೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ದಾರಿಯಲ್ಲಿ ಊಟದ ಚಿಂತೆ ಇಲ್ಲ.

ಎರಡನೇ ದಿನ ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ದಾಟಿ. ಈ ನದಿಗೆ ಎಲ್ಲೂ ಅಣೆಕಟ್ಟು ಇಲ್ಲ. ಇಳಿತದ ಹೊತ್ತಿಗೆ ಹೋದರೆ ಹೆಣ್ಣುಮಕ್ಕಳು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಆರಿಸುವುದು ಕಾಣುತ್ತದೆ. ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಚೆ ಗಜನಿ, ಅಂದರೆ ಭರತಿಯ ಉಪ್ಪುನೀರು ಬರುವ ತಗ್ಗು ಗದ್ದೆಗಳು. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇಲ್ಲೇ. ನೀವು ಗದಗಿನವರು ಅಂತ ಹೇಳುತ್ತೇನೆ, ನದಿ ಸಮುದ್ರ ಸೇರುವ ಈ ಅಳಿವೆಗೂ ನಿಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೂ 2024ರಲ್ಲಿ ಒಟ್ಟಿಗೇ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ. ಮಾಗಡಿಯಲ್ಲಿ ಪಟ್ಟೆತಲೆ ಹೆಬ್ಬಾತು ನೋಡಿದ ಮಕ್ಕಳಿಗೆ ಇದನ್ನೂ ತೋರಿಸಿ. ಹೊತ್ತು ಉಳಿದರೆ ಮಿರ್ಜಾನ್ ಕೋಟೆಗೂ ಹೋಗಿ ಬನ್ನಿ.

ವಾಪಸ್ ಬಂದ ಮರುದಿನವೇ ಗಾಡಿಯ ಅಡಿಭಾಗ ಸಿಹಿನೀರಿನಲ್ಲಿ ಜೋರಾಗಿ ತೊಳೆಸಿ, ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಹೊರಡುವ ತಾರೀಖು ಇಲ್ಲಿ ಹಾಕಿ, ಆ ದಿನದ ಇಳಿತದ ಹೊತ್ತು ನೋಡಿ ತಿಳಿಸುತ್ತೇನೆ.