ಕ್ಯಾನೆ ಯುದ್ಧದಲ್ಲಿ ಆನೆ ಇರಲಿಲ್ಲ, ಬ್ರಶ್ ಕೆಳಗಿಟ್ಟು ಇದನ್ನು ಓದಿ

ನಿಮ್ಮ ಫೋಟೊ ನೋಡಿದ ತಕ್ಷಣ ಬರೆಯಲು ಕೂತೆ. ಮೇಜಿನ ಮೇಲೆ ಆರು ಪುಟ್ಟ ಬೊಂಬೆ ಆನೆ, ಪಕ್ಕದಲ್ಲಿ ಎರಡು ಡಬ್ಬಿ ರೋಮನ್ ಸೈನಿಕರ ಬೊಂಬೆ, ಕೆಳಗೆ "ಕ್ಯಾನೆ, ಕ್ರಿ.ಪೂ. 216, ದೀಪಾವಳಿಯೊಳಗೆ ಡಯೋರಾಮಾ ಮುಗಿಸಬೇಕು" ಅಂತ ಬರೆದಿದ್ದೀರಿ (ಡಯೋರಾಮಾ ಅಂದರೆ ಪುಟ್ಟ ಬೊಂಬೆಗಳಿಂದ ಕಟ್ಟುವ ದೃಶ್ಯ). ಇನ್ನೂ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಲೇಪ, ಬಿದ್ದಿಲ್ಲ ಅಂತ ಕಾಣುತ್ತದೆ. ಹಾಗಾಗಿ ಕಾಲ ಮಿಂಚಿಲ್ಲ. ಆರು ವರ್ಷದ ಹಿಂದೆ ನಾನು ಇದೇ ಮೇಜು, ಇದೇ ಆನೆ, ಇದೇ ತಪ್ಪು ಮಾಡಿದ್ದೆ.

ಇಟಲಿಯ ಕ್ಯಾನೆಯಲ್ಲಿ ರೋಮನ್ನರನ್ನು ಸೋಲಿಸಿದವನು ಹ್ಯಾನಿಬಲ್, ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ಸೇನಾಪತಿ. ಅಲ್ಲಿ ಅವನ ಹತ್ತಿರ ಒಂದು ಆನೆಯೂ ಇರಲಿಲ್ಲ. ರೋನ್ ನದಿ ದಾಟುವಾಗ 37 ಇದ್ದವು. ಆಲ್ಪ್ಸ್ ದಾಟಿ ಕ್ರಿ.ಪೂ. 218ರ ಡಿಸೆಂಬರಿನಲ್ಲಿ ಟ್ರೆಬಿಯಾ ನದಿ ಹತ್ತಿರ ಹೋರಾಡಿದವು. ಅದಾದ ಮೇಲೆ ಚಳಿಗೆ ಒಂದೊಂದಾಗಿ ಸತ್ತವು. 217ರಲ್ಲಿ ಅವನು ಆರ್ನೋ ನದಿಯ ಜೌಗು ದಾಟಿದ್ದು ಉಳಿದ ಒಂದೇ ಒಂದು ಆನೆಯ ಬೆನ್ನ ಮೇಲೆ. ಆ ಜೌಗಿನಲ್ಲೇ ಸೋಂಕು ತಗುಲಿ ಅವನ ಒಂದು ಕಣ್ಣು ಹೋಯಿತು. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ: ಕ್ಯಾನೆಗೆ ಹ್ಯಾನಿಬಲ್ ಫಿಗರ್ ಮಾಡುವುದಾದರೆ ಎರಡೂ ಕಣ್ಣು ಬರೆಯಬೇಡಿ. ಹೊಸ ಆನೆಗಳು ಇಟಲಿಗೆ ಬಂದು ಇಳಿದದ್ದು ಕ್ಯಾನೆ ಮುಗಿದ ಮೇಲೆ, 215ರಲ್ಲಿ.

ನನ್ನ ಕಥೆ ಕೇಳಿ. ಆಗ ನಾನು ನಾಲ್ಕು ಆನೆ ತಗೊಂಡಿದ್ದೆ. ಮೈಸೂರಿನಲ್ಲಿ ಇರುವವನಿಗೆ ಆನೆ ನೋಡಲು ಬೇರೆಲ್ಲಿಗೆ ಹೋಗಬೇಕು? ದಸರಾ ತಾಲೀಮಿನ ಹೊತ್ತಿಗೆ ಹೋಗಿ ಐವತ್ತು ಅರವತ್ತು ಫೋಟೊ ತೆಗೆದೆ. ಕಿವಿ ಅಂಚಿನ ಗುಲಾಬಿ ಮಚ್ಚೆ, ಸೊಂಡಿಲ ಬುಡದ ಚುಕ್ಕೆ, ಎಲ್ಲವನ್ನೂ ಸೊನ್ನೆ ನಂಬರ್ ಬ್ರಶ್ಶಿನಲ್ಲಿ ಕೂರಿಸಿದೆ. ಈ ಯುದ್ಧಗಳ ಬಗ್ಗೆ ಬರೆದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಕಾರ್ತೇಜಿನ ಮಾವುತರನ್ನು "ಇಂಡಿಯನ್ನರು" ಎಂದೇ ಕರೆಯುತ್ತಾನೆ. ಅದನ್ನು ಓದಿದ ಖುಷಿಯಲ್ಲಿ ನಾಲ್ಕೂ ಮಾವುತರಿಗೆ ರುಮಾಲು ಸುತ್ತಿಸಿದೆ. ಆರು ಭಾನುವಾರ ಹೋಯಿತು. ಆಮೇಲೆ ನಮ್ಮ ಹವ್ಯಾಸಿಗಳ ಗುಂಪಿನ ಹಿರಿಯರೊಬ್ಬರು ಮನೆಗೆ ಬಂದಾಗ ಎರಡೇ ಮಾತು ಹೇಳಿದರು: "ಈ ಯುದ್ಧದಲ್ಲಿ ಆನೆ ಇಲ್ಲ. ಇದ್ದಿದ್ದರೂ ಈ ಆನೆ ಅಲ್ಲ." ಆ ರಾತ್ರಿ ನಿದ್ದೆ ಬರಲಿಲ್ಲ.

ಅವರು ಹೇಳಿದ್ದು ಪೂರ್ತಿ ಸರಿ. ಕಾರ್ತೇಜಿನವರು ಹಿಡಿದು ಪಳಗಿಸುತ್ತಿದ್ದದ್ದು ಉತ್ತರ ಆಫ್ರಿಕಾದ ಆನೆ. ಅದು ಈಗ ಉಳಿದಿಲ್ಲ. ನಮ್ಮ ಆನೆಗಿಂತ ಗಿಡ್ಡ, ಭುಜದ ಹತ್ತಿರ ಸುಮಾರು ಎರಡೂವರೆ ಮೀಟರ್. ಸ್ಪೇನಿನಲ್ಲಿ ಹ್ಯಾನಿಬಲ್ ಮನೆತನದವರು ಹೊಡೆಸಿದ ಬೆಳ್ಳಿ ನಾಣ್ಯ ನೋಡಿ: ಭುಜ ಮುಚ್ಚುವಷ್ಟು ದೊಡ್ಡ ಕಿವಿ, ನಡುವೆ ತಗ್ಗಿದ ಬೆನ್ನು, ಮೇಲೆ ಒಬ್ಬನೇ ಸವಾರ. ನಮ್ಮ ಆನೆಗೆ ಬೆನ್ನು ಉಬ್ಬಿರುತ್ತದೆ, ತಲೆ ಮೇಲೆ ಎರಡು ಗುಡ್ಡೆ ಇರುತ್ತವೆ. ನಿಮ್ಮ ಫೋಟೊದಲ್ಲಿರುವ ಆರರಲ್ಲಿ ನಾಲ್ಕು ಭಾರತದ ಆನೆಯ ಅಚ್ಚು ಅಂತ ನನಗೆ ಕಾಣುತ್ತಿದೆ. ಸ್ಕೇಲ್ ಇಟ್ಟು ಅಳೆಯಿರಿ. 1/72 ಅಳತೆಯಲ್ಲಿ (ನಿಜ ಗಾತ್ರದ ಎಪ್ಪತ್ತೆರಡರಲ್ಲಿ ಒಂದು ಪಾಲು) ಭುಜದ ಎತ್ತರ ಮೂರೂವರೆ ಸೆಂಟಿಮೀಟರ್ ಆಸುಪಾಸು ಇರಬೇಕು. ಮನುಷ್ಯನ ಬೊಂಬೆ 28 ಮಿ.ಮೀ. ಎತ್ತರ ಇರುವ ಫಿಗರ್ ಆದರೆ ನಾಲ್ಕೂಕಾಲು, ಹೆಚ್ಚೆಂದರೆ ನಾಲ್ಕೂವರೆ. ಕಿವಿಯನ್ನು ಗ್ರೀನ್ ಸ್ಟಫ್ ಎಂಬ ಮೆತ್ತುವ ಪುಟ್ಟಿಯಲ್ಲಿ ಹಿಗ್ಗಿಸಬಹುದು. ತಲೆಯ ಗುಡ್ಡೆಯನ್ನು ಚಾಕುವಿನಿಂದ ಹೆರೆಯಬಹುದು. ಉಬ್ಬಿದ ಬೆನ್ನಿಗೆ ಮಾತ್ರ ಬಟ್ಟೆ ಹೊದಿಸುವುದು ಬಿಟ್ಟರೆ ದಾರಿಯಿಲ್ಲ. ಅಂಬಾರಿ ಥರದ ಮರದ ಗೋಪುರ ಅಂಟಿಸಬೇಡಿ. ಅದರ ಬಗ್ಗೆ ವಿದ್ವಾಂಸರು ಇನ್ನೂ ಜಗಳ ಆಡುತ್ತಿದ್ದಾರೆ, ನಾಣ್ಯದ ಆನೆ ಮೇಲಂತೂ ಇಲ್ಲ.

ಹಾಗಂತ ಆನೆಗಳನ್ನು ಮಾರಿಬಿಡಬೇಡಿ. ಯುದ್ಧ ಬದಲಾಯಿಸಿ. ಟ್ರೆಬಿಯಾ ಮಾಡಿ ನೋಡಿ. ಬೆಳಗಿನ ಜಾವ, ಹಿಮ, ಎದೆಮಟ್ಟದ ನೀರು. ರೋಮನ್ನರು ತಿಂಡಿ ಕೂಡ ತಿನ್ನದೆ ನದಿ ದಾಟಿ ನಡುಗುತ್ತಾ ಬರುತ್ತಿದ್ದಾರೆ. ಈಚೆ ದಡದಲ್ಲಿ ಹ್ಯಾನಿಬಲ್ ಕಡೆಯವರು ಊಟ ಮುಗಿಸಿ, ಬೆಂಕಿ ಮುಂದೆ ಮೈಗೆ ಎಣ್ಣೆ ಹಚ್ಚಿಕೊಂಡು ಸಿದ್ಧ. ಹಳ್ಳದ ಪೊದೆಗಳಲ್ಲಿ ಅವನ ತಮ್ಮ ಮಾಗೋ, ಸಾವಿರ ಕಾಲಾಳು, ಸಾವಿರ ಕುದುರೆ. ಇದಕ್ಕಿಂತ ಒಳ್ಳೆ ಡಯೋರಾಮಾ ಬೇಕಾ? ಜಾಸ್ತಿ ಆನೆ ತೋರಿಸುವ ಆಸೆ ಇದ್ದರೆ ಆಫ್ರಿಕಾದ ಜಾಮಾ ಯುದ್ಧ ಇದೆ, ಕ್ರಿ.ಪೂ. 202. ಅಲ್ಲಿ 80ಕ್ಕೂ ಹೆಚ್ಚು ಆನೆ. ರೋಮನ್ ಸೇನಾಪತಿ ಸ್ಕಿಪಿಯೋ ತನ್ನ ತುಕಡಿಗಳ ನಡುವೆ ನೇರ ಓಣಿ ಬಿಟ್ಟು, ಕಹಳೆ ಊದಿಸಿ, ಬೆದರಿದ ಆನೆಗಳನ್ನು ಆ ಓಣಿಯಲ್ಲೇ ಹಿಂದಕ್ಕೆ ಹಾಯಿಸಿದ. ಓಣಿ ಬಿಟ್ಟಿರುವುದು ಕಾಣಬೇಕೆಂದರೆ ಬೇಸ್‌ಗಳನ್ನು (ಫಿಗರ್ ನಿಲ್ಲಿಸುವ ತಟ್ಟೆ) ಒಂದರ ಹಿಂದೆ ಒಂದು ಇಡಿ. ಚದುರಂಗದ ಮನೆ ಥರ ಇಟ್ಟರೆ ಅದು ಬೇರೆ ಯುದ್ಧ ಆಗುತ್ತದೆ.

ಆನೆ ಬಿಟ್ಟು ಕ್ಯಾನೆಯನ್ನೇ ಮಾಡುವುದಾದರೆ, ಈಗ ರೋಮನ್ನರು. ಇಲ್ಲಿ ಸ್ವಲ್ಪ ಗದರಲೇಬೇಕು. ಡಬ್ಬಿ ಮೇಲೆ "ಲೀಜನರಿ" ಅಂತ ಕಂಡ ಕೂಡಲೇ ದುಡ್ಡು ಕೊಡಬೇಡಿ ಅಂತ ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದ್ದೇವೆ? ನೀವು ತಗೊಂಡಿರುವುದು ಉಕ್ಕಿನ ಪಟ್ಟಿ ಜೋಡಿಸಿದ ಕವಚ, ಚೌಕ ಗುರಾಣಿ. ಅದು ಚಕ್ರವರ್ತಿಗಳ ಕಾಲದ ವೇಷ, ಕ್ಯಾನೆಗೆ ಸುಮಾರು 200 ವರ್ಷ ಆಚೆಯದು. 216ರ ರೋಮನ್ನನ ಗುರಾಣಿ ಉದ್ದನೆಯ ಮೊಟ್ಟೆಯಾಕಾರ. ಸಾಮಾನ್ಯ ಸೈನಿಕನ ಎದೆ ಮೇಲೆ ಗೇಣುದ್ದ ಗೇಣಗಲದ ಕಂಚಿನ ತಗಡು ಅಷ್ಟೇ. ದುಡ್ಡಿದ್ದವನಿಗೆ ಬಳೆಗವಚ, ಅಂದರೆ ಸಣ್ಣ ಲೋಹದ ಬಳೆಗಳನ್ನು ಹೆಣೆದ ಅಂಗಿ. ಶಿರಸ್ತ್ರಾಣದ ಮೇಲೆ ಮೊಳದುದ್ದದ ಮೂರು ಗರಿ, ಕೆನ್ನೀಲಿ ಕೆಂಪು ಇಲ್ಲವೇ ಕಪ್ಪು. ಇದೆಲ್ಲ ಪೊಲಿಬಿಯಸ್ ಬರೆದಿಟ್ಟದ್ದು, ಊಹೆ ಅಲ್ಲ. ಅವನ ಲೆಕ್ಕದಲ್ಲಿ ಒಂದು ಲೀಜನ್ನಿಗೆ (ರೋಮನ್ ಸೇನೆಯ ದೊಡ್ಡ ದಳ) ಮೊದಲ ಸಾಲಿನ ಹಸ್ತಾಟಿ 1200, ಎರಡನೇ ಸಾಲಿನ ಪ್ರಿಂಕಿಪೆಸ್ 1200, ಕೊನೆ ಸಾಲಿನ ಟ್ರಿಯಾರಿ 600, ಉಳಿದವರು ವೆಲಿಟೆಸ್ ಎಂಬ ಹಗುರ ಆಯುಧದವರು. ಅಂದರೆ ಎರಡು ಬೇಸ್ ಹಸ್ತಾಟಿಗೆ ಒಂದೇ ಬೇಸ್ ಟ್ರಿಯಾರಿ. ಉದ್ದ ಈಟಿ ಕೊಡುವುದು ಟ್ರಿಯಾರಿಗೆ ಮಾತ್ರ. ಧ್ವಜಕ್ಕೆ ಬರೀ ಹದ್ದು ಕೂರಿಸಬೇಡಿ. ಸುಮಾರು ನೂರು ವರ್ಷ ಆಚೆಯ ರೋಮನ್ ಸೇನಾಪತಿ ಮಾರಿಯಸ್ ಕಾಲದವರೆಗೆ ಹದ್ದಿನ ಜೊತೆ ತೋಳ, ಕುದುರೆ, ಕಾಡುಹಂದಿ, ಗೂಳಿತಲೆಯ ಮನುಷ್ಯ, ಇವೂ ಇದ್ದವು. ಎಲ್ಲರಿಗೂ ರಕ್ತಗೆಂಪು ಅಂಗಿ ಹಾಕುವ ಅಭ್ಯಾಸವನ್ನೂ ಬಿಡಿ. ನಾನು ಬಣ್ಣ ಹಾಕದ ಉಣ್ಣೆಯ ಮಾಸಲು ಬಿಳಿ ಹಾಕುತ್ತೇನೆ.

28 ಮಿ.ಮೀ.ಗೆ ನಾನು ವಿಕ್ಟ್ರಿಕ್ಸ್ ಕಂಪನಿಯದು ಬಿಟ್ಟು ಬೇರೆ ಯೋಚಿಸುವುದಿಲ್ಲ. ಗಣರಾಜ್ಯದ ಕಾಲದ ರೋಮನ್ನರು ಅಂತ ಬೇರೆಯೇ ಡಬ್ಬಿ ಇದೆ, ಅದನ್ನೇ ಕೇಳಿ ತಗೊಳ್ಳಿ. 1/72ರಲ್ಲಿ ಹ್ಯಾಟ್, ಜ್ವೆಜ್ಡಾ ಎರಡೂ ಕಂಪನಿಯವು ಒಳ್ಳೆಯವು. ಮೆತ್ತನೆ ಪ್ಲಾಸ್ಟಿಕ್ ಆದರೆ ಸೋಪು ನೀರಿನಲ್ಲಿ ತೊಳೆದು ಒಂದು ರಾತ್ರಿ ಒಣಗಿಸಿ. ಇಲ್ಲದಿದ್ದರೆ ಈಟಿ ಬಾಗಿದಾಗಲೆಲ್ಲ ಬಣ್ಣ ಸಿಪ್ಪೆ ಏಳುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ: ಲಿಬಿಯನ್ನರು. ಇದೊಂದನ್ನು ಸರಿ ಮಾಡಿದರೆ ನಿಮ್ಮ ಕ್ಯಾನೆ ಬೇರೆ ಎಲ್ಲರ ಕ್ಯಾನೆಗಿಂತ ಮೇಲೆ ಏಳುತ್ತದೆ. ಹ್ಯಾನಿಬಲ್ ಟ್ರೆಬಿಯಾದಲ್ಲೂ ಟ್ರಾಸಿಮೀನ್ ಸರೋವರದ ಹತ್ತಿರವೂ ಗೆದ್ದ. ಸತ್ತ ರೋಮನ್ನರ ಆಯುಧಗಳಲ್ಲಿ ಒಳ್ಳೆಯದನ್ನು ಆರಿಸಿ ತನ್ನ ಲಿಬಿಯಾ ಕಾಲಾಳುಗಳಿಗೆ ಹಂಚಿದ. ಕ್ಯಾನೆಯಲ್ಲಿ ಅವರನ್ನು ನೋಡಿದರೆ ರೋಮನ್ನರದೇ ಸಾಲು ಅನ್ನಿಸುತ್ತಿತ್ತು ಎಂದು ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಹಾಗಾಗಿ ಕಾರ್ತೇಜ್ ಪದಾತಿಯ ಡಬ್ಬಿಯನ್ನೆಲ್ಲ ಗ್ರೀಕ್ ಥರದ ದುಂಡು ಗುರಾಣಿ, ಉದ್ದ ಭರ್ಜಿ ಕೊಟ್ಟು ಕಟ್ಟಬೇಡಿ. ಹಳೆ ಇಂಗ್ಲಿಷ್ ಅನುವಾದದಲ್ಲಿ ಇವರ ಸೈನ್ಯದ ಹಗುರ ಈಟಿಗಾರರನ್ನು ಉದ್ದ ಭರ್ಜಿಯವರು ಅಂತ ತಪ್ಪಾಗಿ ಅನುವಾದಿಸಿದ್ದರಿಂದ ಈ ಗೊಂದಲ ನಮ್ಮ ಹವ್ಯಾಸದಲ್ಲಿ ಇವತ್ತಿಗೂ ಓಡುತ್ತಿದೆ.

ನಾನು ಮಾಡುವುದು ಹೀಗೆ. ಇನ್ನೊಂದು ಡಬ್ಬಿ ರೋಮನ್ನರನ್ನೇ ತಗೊಳ್ಳುತ್ತೇನೆ. ಬಳೆಗವಚದ ಮೈಗಳನ್ನು ಆರಿಸಿ ಪಕ್ಕಕ್ಕಿಡುತ್ತೇನೆ, ಯಾಕೆಂದರೆ ಲೂಟಿಯಲ್ಲಿ ಒಳ್ಳೆಯದೇ ಇವರ ಪಾಲಿಗೆ ಬಂದದ್ದು. ಗರಿಗಳನ್ನು ಕತ್ತರಿಸಿ ಅಲ್ಲಿ ನುಣ್ಣಗೆ ಮಾಡುತ್ತೇನೆ. ಗಡ್ಡದ ತಲೆಗಳನ್ನು ಬೇರೆ ಸ್ಪ್ರೂನಿಂದ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ತರುತ್ತೇನೆ. ಗುರಾಣಿಗೆ ಮೊದಲು ರೋಮನ್ ಕಡೆ ಹಚ್ಚಿದ ಬಣ್ಣವನ್ನೇ ಹಚ್ಚಿ ಒಣಗಿಸುತ್ತೇನೆ. ಅದರ ಮೇಲೆ ಮಣ್ಣಿನ ಬಣ್ಣ, ತೆಳುವಾಗಿ. ಪೂರ್ತಿ ಒಣಗುವ ಮೊದಲು ಪಾತ್ರೆ ತಿಕ್ಕುವ ಸ್ಪಂಜಿನ ಚೂರನ್ನು ಒದ್ದೆ ಮಾಡಿ ಅಂಚಿನಲ್ಲಿ ಒತ್ತಿ ಎತ್ತುತ್ತೇನೆ. ಒಳಗಿನ ಹಳೆ ಬಣ್ಣ ಅಲ್ಲಲ್ಲಿ ಇಣುಕುತ್ತದೆ. ಸತ್ತವನ ಗುರಾಣಿ ಅಂತ ಹೇಳದೆಯೇ ಗೊತ್ತಾಗುತ್ತದೆ. ಒಂದೇ ಬೇಸ್‌ನಲ್ಲಿ ಎಲ್ಲ ಗುರಾಣಿಗೂ ಒಂದೇ ಬಣ್ಣ ಇಣುಕಬಾರದು. ಸ್ಪಂಜು ಜಾಸ್ತಿ ಒದ್ದೆ ಆದರೆ ಕೆಳಗಿನ ಬಣ್ಣವೂ ಎದ್ದು ಬರುತ್ತದೆ, ಹಳೆ ಫಿಗರ್ ಮೇಲೆ ಒಮ್ಮೆ ಕೈ ಪಳಗಿಸಿಕೊಳ್ಳಿ. ಈ ಕೆಲಸಕ್ಕೆ ವ್ಯಾಲೆಹೋ ಬಣ್ಣ ಚೆನ್ನಾಗಿ ಒಗ್ಗುತ್ತದೆ. ಮಣ್ಣು, ಖಾಕಿ, ಬೂದು ಛಾಯೆಗಳಲ್ಲಿ ಅದಕ್ಕೆ ಸಾಟಿ ನಾನಂತೂ ಕಂಡಿಲ್ಲ.

ಈ ಲಿಬಿಯನ್ನರನ್ನು ಅರ್ಧ ಎಡ ತುದಿಗೆ, ಅರ್ಧ ಬಲ ತುದಿಗೆ ನಿಲ್ಲಿಸಿ. ನಡುವೆ ಸ್ಪೇನಿನವರು, ಕೆಲ್ಟ್ ಬುಡಕಟ್ಟಿನವರು ಬೆರೆತು, ರೋಮನ್ನರ ಕಡೆ ಉಬ್ಬಿದ ಬಿಲ್ಲಿನ ಥರ. ಸ್ಪೇನಿನವರಿಗೆ ಕೆನ್ನೀಲಿ ಅಂಚಿನ ಬಿಳಿ ನಾರುಬಟ್ಟೆ ಅಂಗಿ, ಕೆಲ್ಟರಿಗೆ ಬರೀ ಮೈ. ರೋಮನ್ನರು ನುಗ್ಗಿದಂತೆ ಆ ಬಿಲ್ಲು ಒಳಕ್ಕೆ ಬಾಗಿತು. ತುದಿಯಲ್ಲಿದ್ದ ಲಿಬಿಯನ್ನರು ಒಳಮುಖ ತಿರುಗಿ ಎರಡೂ ಪಕ್ಕದಿಂದ ಅಮುಕಿದರು. ಹಿಂದಿನಿಂದ ಹ್ಯಾನಿಬಲ್‌ನ ದಳಪತಿ ಹಸ್ದ್ರುಬಾಲನ ಕುದುರೆಪಡೆ ಬಂತು. ನೀವು ತೋರಿಸುವುದು ಯಾವ ಗಳಿಗೆ ಅಂತ ಮೊದಲೇ ನಿರ್ಧರಿಸಿ. ಉಬ್ಬಿದ ಬಿಲ್ಲು, ಒಳಮುಖದ ಲಿಬಿಯನ್ನರು ಎರಡನ್ನೂ ಒಟ್ಟಿಗೆ ತೋರಿಸಿದ ಡಯೋರಾಮಾ ನಾನು ಎರಡು ಕಡೆ ನೋಡಿದ್ದೇನೆ. ಎರಡೂ ಒಂದೇ ಹೊತ್ತಿಗೆ ನಡೆಯುವುದು ಸಾಧ್ಯವೇ ಇಲ್ಲ.

ಎಷ್ಟು ಫಿಗರ್ ಬೇಕು ಅಂತ ಕೇಳಿದ್ದಿರಿ. ಒಂದು ಫಿಗರ್ ಅಂದರೆ 400 ಜನ ಅಂತ ಇಟ್ಟುಕೊಳ್ಳಿ. ಪೊಲಿಬಿಯಸ್ ಪ್ರಕಾರ ರೋಮನ್ ಕಾಲಾಳು 80,000. ಅದರಲ್ಲಿ 10,000 ಜನ ಶಿಬಿರ ಕಾಯುವ ಕಡೆ. ಹಾಗಾಗಿ ಮೈದಾನಕ್ಕೆ 175 ಫಿಗರ್, ಜೊತೆಗೆ 15 ಕುದುರೆ. ಹ್ಯಾನಿಬಲ್ ಕಡೆ 40,000 ಕಾಲಾಳು, 10,000 ಕುದುರೆ, ಅಂದರೆ 100 ಮತ್ತು 25. ರೋಮನ್ನರು ಹೆಚ್ಚಿದ್ದಾರೆ ಅಂತ ಸಾಲನ್ನು ಅಗಲ ಮಾಡಬೇಡಿ. ಅವತ್ತು ಅವರು ತುಕಡಿಗಳನ್ನು ಒತ್ತಾಗಿ, ಆಳವಾಗಿ ನಿಲ್ಲಿಸಿದ್ದರು. ರೋಮನ್ ಕಾಲಾಳಿನಲ್ಲಿ ಅರ್ಧ ಜನ ಇಟಲಿಯ ಮಿತ್ರರಾಷ್ಟ್ರಗಳವರು, ಅವರ ಗುರಾಣಿ ಬಣ್ಣ ಬೇರೆ ಮಾಡಿ. ಹ್ಯಾನಿಬಲ್ ಕಡೆಯಿದ್ದ ಉತ್ತರ ಆಫ್ರಿಕಾದ ನುಮಿಡಿಯಾ ಸವಾರರ ಕುದುರೆಗೆ ಲಗಾಮು ಇದ್ದರೆ ಕತ್ತರಿಸಿ ತೆಗೆಯಿರಿ.

ಬೇಸ್‌ಗೆ ಹಸಿರು ಹುಲ್ಲು ಬೇಡವೇ ಬೇಡ. ಅದು ಆಗಸ್ಟ್ 2, ದಕ್ಷಿಣ ಇಟಲಿಯ ಬಯಲು, ಸುಗ್ಗಿ ಮುಗಿದ ಹೊತ್ತು. ಗಾಳಿ ಧೂಳನ್ನು ರೋಮನ್ನರ ಮುಖಕ್ಕೆ ಎರಚುತ್ತಿತ್ತು ಎಂದು ಲಿವಿ ಹೇಳುತ್ತಾನೆ. ತೆಂಗಿನ ನಾರನ್ನು ಮೂರು ಮಿಲಿಮೀಟರಿಗೆ ಕತ್ತರಿಸಿ ಫೆವಿಕಾಲ್ ಮೇಲೆ ನಿಲ್ಲಿಸಿ, ಕೂಳೆ ಹೊಲ ಹಾಗೇ ಕಾಣುತ್ತದೆ. ರೋಮನ್ನರ ಮೊಣಕಾಲವರೆಗೆ ಒಣ ಪಿಗ್ಮೆಂಟ್ ಧೂಳು ಹಚ್ಚಿ.

ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಬೇಡಿ. ಜುಲೈನಲ್ಲಿ ಬಾಲ್ಕನಿಯಲ್ಲಿ ಹೊಡೆದು 30 ಫಿಗರ್ ಮೇಲೆ ಬೂಷ್ಟಿನ ಥರ ಬೆಳ್ಳಗೆ ಕೂರಿಸಿಕೊಂಡಿದ್ದೇನೆ. ಬ್ರಶ್ಶಿನಲ್ಲೇ ಹಚ್ಚಿ, ತಡವಾದರೂ ಸರಿ.

ಇನ್ನು, ಕಾಮೆಂಟಿನಲ್ಲಿ ಒಬ್ಬರು "ನೋಡಲು ಚೆನ್ನಾಗಿದ್ದರೆ ಸಾಕು, ಯಾರು ಕೇಳುತ್ತಾರೆ" ಅಂದಿದ್ದಾರೆ. ನಾನು ಕೇಳುತ್ತೇನೆ. ಒಂದೇ ದಿನದಲ್ಲಿ ಅಷ್ಟು ಜನ ಸತ್ತ ಜಾಗ ಅದು. ಲಿವಿಯ ಕಡಿಮೆ ಲೆಕ್ಕದಲ್ಲೇ ರೋಮನ್ನರ ಕಡೆ 45,500 ಕಾಲಾಳು, 2,700 ಸವಾರರು. ಅವರ ಕೈಯಲ್ಲಿ ಏನಿತ್ತು ಅನ್ನುವುದನ್ನಾದರೂ ಸರಿಯಾಗಿ ತೋರಿಸೋಣ.

ಇನ್ನೊಬ್ಬರು ಮುಂದಿನ ಪ್ರಾಜೆಕ್ಟಿಗೆ ಕ್ರಿ.ಪೂ. 146ರ ಕಾರ್ತೇಜ್, ರೋಮನ್ನರು ನೆಲ ಉತ್ತು ಉಪ್ಪು ಬಿತ್ತುವ ದೃಶ್ಯ ಅಂದಿದ್ದಾರೆ. ಆ ಉಪ್ಪಿನ ಕಥೆ ಹಳೆಯ ಯಾವ ಗ್ರಂಥದಲ್ಲೂ ಇಲ್ಲ, ತುಂಬಾ ಈಚೆಗೆ ಸೇರಿಕೊಂಡದ್ದು. ಅದರ ಬದಲು ಕಾರ್ತೇಜಿನ ಕೋಟೆಯಿದ್ದ ಬಿರ್ಸಾ ಗುಡ್ಡಕ್ಕೆ ಹತ್ತುವ ಬೀದಿ ಮಾಡಿ. ಎರಡೂ ಬದಿ ಆರು ಅಂತಸ್ತಿನ ಮನೆಗಳಿದ್ದವು, ಮನೆ ಮನೆಗೂ ಹೋರಾಟ ನಡೆಯಿತು, ಸೈನಿಕರು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಲಗೆ ಹಾಕಿ ದಾಟಿದರು ಎಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಹಲಗೆಗೆ ಐಸ್‌ಕ್ರೀಮ್ ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಸಾಕು. ಗೋಡೆಗೆ ಐದು ಮಿ.ಮೀ. ಫೋಮ್ ಬೋರ್ಡ್, ಒಂದು ಬದಿಯ ಕಾಗದ ಸುಲಿದು ಬಳಸಿ. ಮಾಳಿಗೆ ಮೇಲಿನವರನ್ನು ಕೊನೆಗೆ ಅಂಟಿಸಿ, ಇಲ್ಲದಿದ್ದರೆ ಕೆಳಗಿನ ಬೀದಿಗೆ ಬ್ರಶ್ ಇಳಿಸಲು ಆಗುವುದಿಲ್ಲ.

ಆರೂ ಆನೆಗಳ ಪಕ್ಕದ ನೋಟದ ಫೋಟೊ ಹಾಕಿ, ಬೆನ್ನು ಕಿವಿ ಎರಡೂ ಕಾಣುವ ಹಾಗೆ. ಯಾವುದು ಟ್ರೆಬಿಯಾಕ್ಕೆ ಆಗುತ್ತದೆ ಅಂತ ನೋಡಿ ಹೇಳುತ್ತೇನೆ.