ಗೆದ್ದ ಆರೇ ತಿಂಗಳಿಗೆ ಅಧ್ಯಕ್ಷರ ಮೇಲೆ ಜನಕ್ಕೆ ಸಿಟ್ಟು ಯಾಕೆ ಬರುತ್ತೆ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕ, ಫ್ರಾನ್ಸ್, ಕೊರಿಯಾ ಎಲ್ಲಿ ನೋಡಿದ್ರೂ ಹೊಸ ಅಧ್ಯಕ್ಷ ಗೆದ್ದು ಕೂತು ಆರು ತಿಂಗಳು ವರ್ಷ ಆಗೋದ್ರೊಳಗೆ ಸಪೋರ್ಟ್ ಕುಸಿದಿರುತ್ತೆ, ವೋಟ್ ಹಾಕಿದ್ದು ಅದೇ ಜನ ತಾನೇ, ಇಷ್ಟು ಬೇಗ ಯಾಕೆ ತಿರುಗಿ ಬೀಳ್ತಾರೆ ಅಂತ. ನಾನು ರಾಜ್ಯಶಾಸ್ತ್ರ ಓದಿದವನಲ್ಲ, ಶಿರಸಿ ಹತ್ರ ಅಡಿಕೆ ತೋಟ ನೋಡ್ಕೊಂಡು ಇರೋನು. ಆದ್ರೂ ಉತ್ತರ ಬರೀತಿದ್ದೀನಿ, ಯಾಕಂದ್ರೆ ನಾನೂ ಒಂದು ಅವಧಿಗೆ ಅಧ್ಯಕ್ಷ ಆಗಿದ್ದೆ. ದೇಶಕ್ಕಲ್ಲ ಮಾರಾಯ್ರೆ, ನಮ್ಮೂರಿನ ಸೊಸೈಟಿಗೆ, ಅಂದ್ರೆ ರೈತರಿಗೆ ಸಾಲ, ಗೊಬ್ಬರ ಕೊಡೋ ಸಹಕಾರಿ ಸಂಘಕ್ಕೆ. ಅವತ್ತು ಹಾರ ಹಾಕಿದವರೇ ಮುಂದಿನ ಮಳೆಗಾಲಕ್ಕೆ ನಾನು ಎದುರು ಬಂದ್ರೆ ಚಾ ಅಂಗಡಿಯಲ್ಲಿ ಮಾತು ನಿಲ್ಲಿಸ್ತಿದ್ರು.

ಮೊದಲು ಅದನ್ನೇ ಹೇಳ್ತೀನಿ. ನಮ್ಮಲ್ಲಿ ಹದಿನೈದು ವರ್ಷದಿಂದ ಒಬ್ರೇ ಅಧ್ಯಕ್ಷರಿದ್ರು. ಅವರ ಎದುರು ನಾವೊಂದಿಷ್ಟು ಜನ ಪ್ಯಾನೆಲ್ ಮಾಡಿ ನಿಂತ್ವಿ, ಗೆದ್ವಿ, ನಿರ್ದೇಶಕರೆಲ್ಲ ಸೇರಿ ನನ್ನನ್ನ ಅಧ್ಯಕ್ಷ ಮಾಡಿದ್ರು. ಆಗ ನನಗೆ ಅನ್ಸಿದ್ದು ಊರೆಲ್ಲ ನನ್ನ ಹಿಂದೆ ಇದೆ ಅಂತ. ಈಗ ಕೂತು ಲೆಕ್ಕ ಹಾಕಿದ್ರೆ ನಗು ಬರುತ್ತೆ. ತೋಟದವರಿಗೆ ಸಾಲದ ಮಿತಿ ಜಾಸ್ತಿ ಆಗ್ಬೇಕಿತ್ತು, ಗದ್ದೆಯವರಿಗೆ ಗೊಬ್ಬರ ಟೈಮಿಗೆ ಸರಿಯಾಗಿ ಬರ್ಬೇಕಿತ್ತು, ಸಾಲ ಕಟ್ಟದೆ ನೋಟಿಸ್ ಬಂದೋರಿಗೆ ಆ ನೋಟಿಸ್ ಮೂಲೆಗೆ ಬೀಳ್ಬೇಕಿತ್ತು, ಠೇವಣಿ ಇಟ್ಟವರಿಗೆ ಆ ನೋಟಿಸ್ ಬಂದವರ ಹತ್ರ ಒಂದು ಪೈಸೆ ಬಿಡದೆ ವಸೂಲಿ ಆಗ್ಬೇಕಿತ್ತು, ಇನ್ನು ಸುಮಾರು ಜನಕ್ಕೆ ಏನೂ ಬೇಕಿರ್ಲಿಲ್ಲ, ಹಳೆಯವರ ಮುಖ ನೋಡಿ ನೋಡಿ ಸಾಕಾಗಿತ್ತು ಅಷ್ಟೇ. ಸಾಲ ಮುಳುಗಿಸಿದವನೂ ಠೇವಣಿ ಇಟ್ಟವನೂ ಇಬ್ರೂ ನನಗೇ ವೋಟ್ ಹಾಕಿದ್ದಾರೆ ನೋಡಿ! ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ನನ್ನ ಗಾಡಿ ಕಟ್ಟಿದ್ದೇ ಹಾಗೆ. ಗಾಡಿ ನಿಂತಿರೋವರೆಗೆ ಅದು ಗೊತ್ತಾಗಲ್ಲ, ಹೊರಟ ಮೇಲೆ ಗೊತ್ತಾಗೋದು.

ಹೊರಟಿದ್ದು ಮೈಲುತುತ್ತದಿಂದ. ಮಳೆ ಹಿಡಿಯೋ ಮುಂಚೆ ಅಡಿಕೆಗೆ ಕೊಳೆ ರೋಗ ಬರದ ಹಾಗೆ ಔಷಧಿ ಹೊಡೀಬೇಕಲ್ಲ, ಅದಕ್ಕೆ ಮೈಲುತುತ್ತ, ಸುಣ್ಣ ಎಲ್ಲ ಸೊಸೈಟಿಯಿಂದಲೇ ಒಯ್ಯೋದು, ಅದೂ ಉದ್ರಿ. ಅಡಿಕೆ ಮಾರಿದ ಮೇಲೆ ಕೊಡ್ತೀವಿ ಅಂತ. ಪುಸ್ತಕ ತೆಗೆದು ನೋಡಿದ್ರೆ ಮೂರು ನಾಲ್ಕು ವರ್ಷದ ಉದ್ರಿ ಹಾಗೇ ನಿಂತಿದೆ. ನಾನು ಭಾರೀ ಶಿಸ್ತಿನ ಮನುಷ್ಯ ನೋಡಿ, ಮೀಟಿಂಗಲ್ಲಿ ಠರಾವು ಮಾಡ್ಸಿ ಬಾಗಿಲಿಗೆ ನೋಟಿಸ್ ಅಂಟಿಸ್ದೆ: ಹಳೇ ಬಾಕಿ ಇರೋರಿಗೆ ಉದ್ರಿ ಇಲ್ಲ. ಲೆಕ್ಕದ ಪ್ರಕಾರ ನೂರಕ್ಕೆ ನೂರು ಸರಿ. ಮೊದಲನೇ ಮಳೆ ಬಂತು, ಕೆಲವರ ತೋಟಕ್ಕೆ ಔಷಧಿ ಆಗಲಿಲ್ಲ, ಬಾಕಿ ಇದ್ದವರಿಗೆ ಸಿಟ್ಟು ಬಂತು, ಅದು ಇರ್ಲಿ, ಅದನ್ನ ನಾನು ನಿರೀಕ್ಷೆ ಮಾಡಿದ್ದೆ. ನಿರೀಕ್ಷೆ ಮಾಡದೆ ಇದ್ದದ್ದು ಏನಂದ್ರೆ, ಬಾಕಿ ಇಲ್ಲದೇ ಇದ್ದವರು ಯಾರೂ ಬಂದು 'ಒಳ್ಳೇದು ಮಾಡಿದೆ' ಅನ್ನಲಿಲ್ಲ. ಅವರಿಗೆ ಏನು ಲಾಭ ಆಯ್ತು ಹೇಳಿ? ಮೊದಲೂ ದುಡ್ಡು ಕೊಟ್ಟು ಒಯ್ತಿದ್ರು, ಈಗಲೂ ಕೊಟ್ಟು ಒಯ್ತಾರೆ. ನಮ್ಮ ಕೇರಿಯ ಹಿರಿಯರೊಬ್ರು ಮಾತ್ರ ದಣಪೆ ದಾಟೋವಾಗ ನಿಂತು 'ತಮಾ, ಇದ್ಕೇ ಓಟ್ ಹಾಕಿದ್ದು ಹೇಳಿ ಆತು' ಅಂದು ಹೋದ್ರು. ಅವರದ್ದೂ ಬಾಕಿ ಇತ್ತು.

ಇದನ್ನೇ ಅಮೆರಿಕದಲ್ಲಿ ಜಾನ್ ಮ್ಯೂಲರ್ ಅನ್ನೋ ವಿದ್ವಾಂಸರು 1970ರಲ್ಲಿ ಅಧ್ಯಕ್ಷರ ಜನಪ್ರಿಯತೆಯ ಅಂಕಿ ಇಟ್ಕೊಂಡು ಬರೆದಿದ್ರು ಅಂತ ನನಗೆ ಗೊತ್ತಾಗಿದ್ದು ಸೋತ ಮೇಲೆ. ಅವರು ಹೇಳೋದು ಏನಂದ್ರೆ ಅಧ್ಯಕ್ಷ ತಗೊಳ್ಳೋ ಒಂದೊಂದು ತೀರ್ಮಾನಕ್ಕೂ ಒಂದೊಂದು ಸಣ್ಣ ಗುಂಪು ಮುನಿಸ್ಕೊಳ್ಳುತ್ತೆ, ಬಹುಮತದ ಪರವಾಗಿಯೇ ತೀರ್ಮಾನ ಆಗಿದ್ರೂ ಸರಿ, ಮುನಿಸ್ಕೊಂಡವರು ಅದನ್ನ ಮರೆಯಲ್ಲ, ಒಪ್ಪಿದವರು ಮಾರನೇ ದಿನ ಮರೀತಾರೆ, ಹೀಗೆ ಬೇರೆ ಬೇರೆ ಕಾರಣಕ್ಕೆ ಮುನಿದ ಸಣ್ಣ ಸಣ್ಣ ಗುಂಪುಗಳೆಲ್ಲ ಸೇರಿ ಒಂದು ದಿನ ದೊಡ್ಡದಾಗಿಬಿಡುತ್ತೆ. ಮೈಲುತುತ್ತದ ಲೆಕ್ಕವೇ.

ಇನ್ನೊಂದು, 'ವೋಟ್ ಹಾಕಿದ್ದು ಅದೇ ಜನ ತಾನೇ' ಅಂದ್ರಲ್ಲ, ಅಲ್ಲ. ಸರ್ವೆ ಮಾಡೋರು ಗೆಲ್ಲಿಸಿದವರನ್ನ ಮಾತ್ರ ಕೇಳಲ್ಲ, ಎಲ್ರನ್ನೂ ಕೇಳ್ತಾರೆ. ಫ್ರಾನ್ಸಲ್ಲಿ ಮ್ಯಾಕ್ರಾನ್ 2017ರಲ್ಲಿ ಇಬ್ರೇ ಉಳಿಯೋ ಎರಡನೇ ಸುತ್ತಲ್ಲಿ ಶೇಕಡಾ 66 ವೋಟ್ ತಗೊಂಡು ಗೆದ್ರು, ಏನು ಭರ್ಜರಿ ಅನ್ಸುತ್ತೆ. ಆದ್ರೆ ಮೊದಲ ಸುತ್ತಲ್ಲಿ, ಅಂದ್ರೆ ಹನ್ನೊಂದು ಜನ ಕಣದಲ್ಲಿದ್ದಾಗ, ಅವರಿಗೇ ಅಂತ ಬಿದ್ದಿದ್ದು ಶೇಕಡಾ 24. ಮಿಕ್ಕಿದ್ದರಲ್ಲಿ ಬಹಳಷ್ಟು ಎದುರಿಗಿದ್ದ ಕಟ್ಟಾ ಬಲಪಂಥದ ನಾಯಕಿ ಮರೀನ್ ಲೆ ಪೆನ್ ಬರೋದು ಬೇಡ ಅಂತ ಬಿದ್ದ ವೋಟು. ಜೂನಲ್ಲಿ ಇಫಾಪ್ ಅನ್ನೋ ಸಂಸ್ಥೆಯ ಸರ್ವೆಯಲ್ಲಿ ಶೇಕಡಾ 64 ಜನ ತೃಪ್ತರು ಅಂತ ಇದ್ದದ್ದು ಆಗಸ್ಟಿಗೆ 40ಕ್ಕೆ ಬಂತು. ಎರಡೇ ತಿಂಗಳು! ನಡುವೆ ಆಗಿದ್ದು ಏನಪ್ಪಾ ಅಂದ್ರೆ ಸೇನಾ ಮುಖ್ಯಸ್ಥರ ಜೊತೆ ಬಜೆಟ್ ಜಗಳ ಆಗಿ ಅವರು ರಾಜೀನಾಮೆ ಕೊಟ್ರು, ಮತ್ತೆ ಬಾಡಿಗೆ ಮನೆಯವರಿಗೆ ಸಿಗೋ ಸಹಾಯಧನದಲ್ಲಿ ತಿಂಗಳಿಗೆ 5 ಯೂರೋ ಕಡಿತ ಮಾಡ್ತೀವಿ ಅಂತ ಸರ್ಕಾರ ಹೇಳ್ತು. ಐದು ಯೂರೋ ದೊಡ್ಡ ಮೊತ್ತ ಅಲ್ಲ, ಆದ್ರೆ ಅದೇ ಸರ್ಕಾರ ಶ್ರೀಮಂತರ ಸಂಪತ್ತಿನ ತೆರಿಗೆ ತೆಗೀತೀವಿ ಅಂತ ಮೊದಲೇ ಹೇಳಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಜನ 'ಶ್ರೀಮಂತರ ಅಧ್ಯಕ್ಷ' ಅಂತ ಹೆಸರಿಟ್ರು, ಆ ಹೆಸರು ಆಮೇಲೆ ಬಿಡಲೇ ಇಲ್ಲ. ಮುಂದಿನ ವರ್ಷ ನವೆಂಬರಲ್ಲಿ ಡೀಸೆಲ್ ತೆರಿಗೆ ವಿಷಯಕ್ಕೆ ಹಳದಿ ಜಾಕೆಟ್ ಹಾಕ್ಕೊಂಡು ರಸ್ತೆಗೆ ಇಳಿದಿದ್ದು ಗೊತ್ತೇ ಇದೆ.

ದಕ್ಷಿಣ ಕೊರಿಯಾದ ಯೂನ್ ಸುಕ್ ಯೋಲ್ ಕಥೆ ಇನ್ನೂ ಚಿಕ್ಕದು. 2022ರ ಮಾರ್ಚಲ್ಲಿ ಗೆದ್ದಿದ್ದೇ ಶೇಕಡಾ 0.73 ಅಂತರದಲ್ಲಿ, ಅಂದ್ರೆ ಅರ್ಧ ದೇಶ ಮೊದಲೇ ಬೇಡ ಅಂದಿದೆ. ಅಂಥವರು ಮೆಲ್ಲಗೆ ಹೆಜ್ಜೆ ಇಡ್ಬೇಕಲ್ವಾ, ಇವರು ಬಂದವರೇ ಅಧ್ಯಕ್ಷರ ಕಚೇರಿಯನ್ನೇ ಬ್ಲೂ ಹೌಸಿಂದ ಎತ್ತಿ ಬೇರೆ ಕಡೆ ಹಾಕಿದ್ರು, ಮಕ್ಕಳನ್ನ ಒಂದು ವರ್ಷ ಮುಂಚೆ ಶಾಲೆಗೆ ಸೇರಿಸ್ಬೇಕು ಅಂತ ಅವರ ಶಿಕ್ಷಣ ಮಂತ್ರಿ ಹೇಳಿ, ತಾಯಂದಿರೆಲ್ಲ ತಿರುಗಿ ಬಿದ್ದು, ಮಂತ್ರಿನೇ ಮನೆಗೆ ಹೋದ್ರು. ಮೇ 10ಕ್ಕೆ ಅಧಿಕಾರ ತಗೊಂಡವರು ಜುಲೈ ಕೊನೆಗೆ ಶೇಕಡಾ 30ಕ್ಕಿಂತ ಕೆಳಗೆ.

ಇಲ್ಲಿ ನನಗೆ ಅರ್ಥ ಆಗಿದ್ದು ಹೇಳ್ತೀನಿ. ಗೆದ್ದ ಹೊಸತರಲ್ಲಿ ಸಿಗೋದು ಬೆಂಬಲ ಅಲ್ಲ. ವೋಟ್ ಹಾಕದವನೂ 'ನೋಡುವ, ಏನು ಮಾಡ್ತಾನೆ' ಅಂತ ಸುಮ್ಮನೆ ಕೂತಿರ್ತಾನೆ, ಸರ್ವೆಯವರು ಕೇಳಿದ್ರೆ ಮರ್ಯಾದೆಗೆ 'ಪರವಾಗಿಲ್ಲ' ಅಂತಾನೆ, ಗೆದ್ದವರು ಅದನ್ನೂ ತಮ್ಮ ಖಾತೆಗೆ ಜಮಾ ಮಾಡ್ಕೊಳ್ತಾರೆ. ಮೂರು ತಿಂಗಳಿಗೆ ಆ ಸುಮ್ಮನೆ ಕೂತವರು ಬಾಯಿ ಬಿಟ್ಟಾಗ ಅಯ್ಯೋ ಸಪೋರ್ಟ್ ಹೋಯ್ತು ಅಂತ ಸುದ್ದಿ. ಇತ್ತೀಚೆಗೆ ಅಮೆರಿಕದಲ್ಲಿ ಆ ಸುಮ್ಮನೆ ಕೂರೋ ಪದ್ಧತಿಯೂ ಹೋಗಿದೆ. ಗ್ಯಾಲಪ್ ಅನ್ನೋ ಸಂಸ್ಥೆಯ ಸರ್ವೆಯಲ್ಲಿ ಒಬಾಮಾ 2009ರಲ್ಲಿ ಶುರು ಮಾಡಿದ್ದು ಶೇಕಡಾ 68ರಿಂದ, ಟ್ರಂಪ್ 2017ರಲ್ಲಿ 45ರಿಂದ. ಬೀಳೋಕೆ ಜಾಗವೇ ಕಮ್ಮಿ. (ನಮ್ಮ ರಾಷ್ಟ್ರಪತಿಗೆ ಈ ತಾಪತ್ರಯ ಇಲ್ಲ, ಅವರನ್ನ ಆರಿಸೋದು ಎಂಪಿ ಎಂಎಲ್‌ಎಗಳು, ಮೈಲುತುತ್ತ ಯಾಕೆ ಬಂದಿಲ್ಲ ಅಂತ ಯಾರೂ ಅವರನ್ನ ಕೇಳಲ್ಲ.)

ಆದ್ರೆ ನಾನು ಜಾಸ್ತಿ ಯೋಚನೆ ಮಾಡಿದ್ದು ಶ್ರೀಲಂಕಾದ ಬಗ್ಗೆ. ಗೊಟಬಯ ರಾಜಪಕ್ಸ 2019ರ ನವೆಂಬರಲ್ಲಿ 69 ಲಕ್ಷ ವೋಟ್ ತಗೊಂಡು ಗೆದ್ದವರು, ಶೇಕಡಾ 52ಕ್ಕೂ ಮೇಲೆ, ಅದರಲ್ಲಿ ಹಳ್ಳಿಯ ಸಿಂಹಳ ರೈತರದ್ದು ದೊಡ್ಡ ಪಾಲು. ಬಂದ ತಿಂಗಳಲ್ಲೇ ವ್ಯಾಟ್ ತೆರಿಗೆ 15ರಿಂದ 8ಕ್ಕೆ ಇಳಿಸಿದ್ರು, ಜನ ಖುಷಿ, ಬೊಕ್ಕಸ ಖಾಲಿ. ಆಮೇಲೆ ಕೊರೋನಾ, ಪ್ರವಾಸಿಗರು ಬರೋದು ನಿಂತ್ರು, ಡಾಲರ್ ಇಲ್ಲ. 2021ರ ಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರ ತರ್ಸೋದನ್ನೇ ಬಂದ್ ಮಾಡಿಬಿಟ್ರು, ಇನ್ನು ಪೂರ್ತಿ ಸಾವಯವ ಅಂತ. ನಮ್ಮ ಕಡೆ ಸಾವಯವ ಅಂದ್ರೆ ಜೀವ ಬಿಡೋರು ಬೇಕಾದಷ್ಟು ಜನ ಇದ್ದಾರೆ, ನಾನೂ ತೋಟಕ್ಕೆ ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಬಿಟ್ಟು ಹೆಚ್ಚೇನೂ ಹಾಕಲ್ಲ. ಆದ್ರೆ ಸೊಪ್ಪಿನ ಬೆಟ್ಟ ಇಟ್ಕೊಂಡು ಅಜ್ಜನ ಕಾಲದಿಂದ ಮಾಡ್ಕೊಂಡು ಬಂದಿರೋನು ಬೇರೆ, ನಲವತ್ತು ವರ್ಷ ಯೂರಿಯಾ ಮೇಲೆ ಭತ್ತ ಬೆಳೆದವನಿಗೆ ಈ ಹಂಗಾಮಿಂದ ಬಂದ್ ಅನ್ನೋದು ಬೇರೆ. ತಮಾಷೆ ಏನಂದ್ರೆ ಅವರದ್ದೇ ಪ್ರಣಾಳಿಕೆಯಲ್ಲಿ ಇದನ್ನ ಹತ್ತು ವರ್ಷದಲ್ಲಿ ಮಾಡ್ತೀವಿ ಅಂತಿತ್ತು. ರೈತ ವೋಟ್ ಹಾಕಿದ್ದು ಆ ಹತ್ತು ವರ್ಷಕ್ಕೆ, ಸಿಕ್ಕಿದ್ದು ಒಂದು ರಾತ್ರಿ. ಭತ್ತದ ಇಳುವರಿ ಬಿತ್ತು, ಚಹಾದ್ದೂ ಬಿತ್ತು, ಅಕ್ಕಿ ಹೊರಗಿಂದ ತರ್ಸೋ ಹಾಗಾಯ್ತು, ನವೆಂಬರಿಗೆ ಆದೇಶ ವಾಪಸ್ ತಗೊಂಡ್ರೂ ಹೋದ ಬೆಳೆ ಬರಲ್ಲ. 2022ಕ್ಕೆ ಪೆಟ್ರೋಲ್ ಸಾಲು, ದಿನಕ್ಕೆ 13 ಗಂಟೆವರೆಗೆ ಕರೆಂಟ್ ಇಲ್ಲ, ಜುಲೈ 9ಕ್ಕೆ ಜನ ಅಧ್ಯಕ್ಷರ ಮನೆಗೇ ನುಗ್ಗಿ ಈಜುಕೊಳದಲ್ಲಿ ಈಜಾಡಿದ್ರು, 13ಕ್ಕೆ ಅವರು ಮಾಲ್ದೀವ್ಸಿಗೆ ಓಡಿದ್ರು. ಆ ವಿಡಿಯೋ ನೋಡ್ತಾ ನನ್ನ ಹೆಂಡ್ತಿ 'ನಿಮ್ಮ ನೋಟಿಸ್ ನೆನಪಾಯ್ತು' ಅಂದ್ಳು. ನಾನು ಚಾನೆಲ್ ಬದಲಾಯಿಸ್ದೆ.

ಎಲ್ಲ ತಪ್ಪೂ ಅಧ್ಯಕ್ಷರದ್ದೇ ಅಂತಲೂ ಇಲ್ಲ ಬಿಡಿ. ಬೈಡನ್ 2021ರ ಜನವರಿಯಲ್ಲಿ ಶೇಕಡಾ 57ರಲ್ಲಿ ಶುರು ಮಾಡಿ ಸೆಪ್ಟೆಂಬರಿಗೆ 43ಕ್ಕೆ ಬಂದ್ರು, ಆಗಸ್ಟಲ್ಲಿ ಅಫ್ಘಾನಿಸ್ತಾನದಿಂದ ಸೇನೆ ವಾಪಸ್ ಬಂದ ರೀತಿ ನೋಡಿ ಜನ ಬೇಜಾರಾಗಿದ್ರು, ಆಮೇಲೆ ಬೆಲೆ ಏರಿಕೆ ಹಿಡ್ಕೊಂಡು ಮುಂದಿನ ಜೂನಿಗೆ ಹಣದುಬ್ಬರ ಶೇಕಡಾ 9.1 ಮುಟ್ತು. ಅಂಗಡಿಯಲ್ಲಿ ಮೊಟ್ಟೆ ರೇಟ್ ಏರಿದ್ದಕ್ಕೆ ಕೊರೋನಾ ಎಷ್ಟು, ಉಕ್ರೇನ್ ಯುದ್ಧ ಎಷ್ಟು, ಸರ್ಕಾರ ಎಷ್ಟು ಅಂತ ಯಾರು ಪಾಲು ಮಾಡ್ತಾರೆ? ಕೂತಿರೋನಿಗೆ ಬೈಯೋದು. ನನ್ನ ಕಾಲದಲ್ಲೂ ಅಡಿಕೆ ರೇಟ್ ಇಳಿದಿದ್ದಕ್ಕೆ ನನಗೇ ಬೈದಿದ್ದಾರೆ, ಏನೋ ಮಾರ್ಕೆಟ್ ನನ್ನ ಜೇಬಲ್ಲಿ ಇದ್ದ ಹಾಗೆ.

ಉಲ್ಟಾ ಆಗಿದ್ದೂ ಇದೆ. ಕೆನಡಿ ಅಧ್ಯಕ್ಷರಾದ ಮೂರೇ ತಿಂಗಳಿಗೆ, 1961ರ ಏಪ್ರಿಲಲ್ಲಿ, ಕ್ಯೂಬಾಕ್ಕೆ ಜನ ನುಗ್ಗಿಸೋಕೆ ಹೋಗಿ ಪೂರ್ತಿ ಮುಖಭಂಗ ಆಯ್ತು. ಆಮೇಲೆ ನಡೆದ ಗ್ಯಾಲಪ್ ಸರ್ವೆಯಲ್ಲಿ ಅವರಿಗೆ ಶೇಕಡಾ 83! ಹೊರಗಿನ ಶತ್ರು ಅಂದ ಕೂಡ್ಲೆ ಜನ ಒಟ್ಟಾಗ್ತಾರೆ ಅನ್ನೋದು ಒಂದು ಕಾರಣ ಅಂತಾರೆ. ನನಗೆ ಮಾತ್ರ ಇನ್ನೊಂದೇ ದೊಡ್ಡದಾಗಿ ಕಾಣ್ಸುತ್ತೆ, ಆ ಮನುಷ್ಯ ಇದಕ್ಕೆ ಜವಾಬ್ದಾರಿ ನಂದೇ ಅಂತ ಎಲ್ಲರೆದುರು ಒಪ್ಕೊಂಡ್ರು. ನಾನು ಆ ನೋಟಿಸ್ ಅಂಟಿಸೋ ಬದಲು ಬಾಕಿ ಇದ್ದವರ ಮನೆ ಮನೆಗೆ ಹೋಗಿ ಜಗುಲಿ ಮೇಲೆ ಕೂತು ಎಲೆ ಅಡಿಕೆ ಕವಳ ಹಾಕ್ತಾ ಹೀಗೀಗೆ ಅಂತ ಹೇಳಿದ್ರೆ ಅರ್ಧ ಸಿಟ್ಟು ಹುಟ್ತಾನೇ ಇರ್ಲಿಲ್ಲ ಅಂತ ಈಗ ಅನ್ಸುತ್ತೆ. ಆಗ ಅಧ್ಯಕ್ಷ ಆಗಿ ಮನೆ ಮನೆಗೆ ಹೋಗೋದು ಕಮ್ಮಿ ಅನ್ಸಿತ್ತು. ವೋಟ್ ಕೇಳೋಕೆ ಮಾತ್ರ ಎರಡೆರಡು ಸಲ ಹೋಗಿದ್ದೆ.

ಮುಂದಿನ ಚುನಾವಣೆಯಲ್ಲಿ ಸೋತೆ, ಹೇಳೋದೇ ಬೇಡ. ಅದಾದ್ಮೇಲೆ ಇನ್ನೊಂದು ಚುನಾವಣೆ ಬಂತು, ಒಬ್ಬ ಹುಡುಗ ನಿಂತ, ಓದಿದವನು, ಬೆಂಗಳೂರು ಬಿಟ್ಟು ಬಂದು ತೋಟ ಮಾಡ್ತಿರೋನು, ನಾನೇ ನಾಲ್ಕು ಮನೆಗೆ ಫೋನ್ ಮಾಡಿ ವೋಟ್ ಹಾಕ್ಸಿದ್ದೆ. ಅವನೇ ಈಗ ಅಧ್ಯಕ್ಷ, ಏಳನೇ ತಿಂಗಳು ನಡೀತಿದೆ. ಈ ಸಲ ಅಡಿಕೆ ಒಣಗ್ಸೋ ಹೊತ್ತಿಗೆ ಸೊಸೈಟಿಯಲ್ಲಿ ತಾಡಪತ್ರಿ ಸ್ಟಾಕ್ ಇಲ್ಲ, ಕೇಳಿದ್ರೆ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಅಂತೆ. ಅಲ್ಲ, ನನ್ನಂಥ ವಯಸ್ಸಿನವರು ಎಲ್ಲಿ ಬುಕ್ ಮಾಡೋದು ಮಾರಾಯ್ರೆ? ನಿನ್ನೆ ಚಾ ಅಂಗಡಿಯಲ್ಲಿ ಅದನ್ನೇ ಹೇಳ್ತಾ ಕೂತಿದ್ದೆ, ಅಷ್ಟೊತ್ತಿಗೆ ಅವನ ಬೈಕ್ ಬಂತು, ಮಾತು ನಿಲ್ಲಿಸ್ದೆ.